ಕಕ್ಕೆಮರಕ್ಕೆ ಬೈದವಳು

ನಮ್ಮೂರ ತೋಟದಲ್ಲಿ ಬೈಸಿಕೊಳ್ಳದೆ ಯಾವ ಗಿಡವೂ ಹೂ ಬಿಟ್ಟದ್ದಿಲ್ಲ. ಗೇಟಿನ ಮೇಲೆ ಕಬ್ಬಿಣದ ಅಕ್ಷರದಲ್ಲಿ ‘ಸಾರ್ವಜನಿಕ ಸಸ್ಯೋದ್ಯಾನ’ ಎಂದು ಬರೆದಿದೆಯಂತೆ. ನನಗೆ ಓದಲು ಬರುವುದಿಲ್ಲ. ಓದಲು ಬರುವವರೂ ಅದನ್ನು ಬೈಗುಳದ ತೋಟ ಎಂದೇ ಕರೆಯುತ್ತಾರೆ. ಬೇರೆ ಊರುಗಳಲ್ಲಿ ಗೊಬ್ಬರ ಹಾಕಿ ನೀರು ಹಾಯಿಸಿದರೆ ಹೂ ಬರುತ್ತದೆ ಎಂದು ಕೇಳಿದ್ದೇನೆ. ನಮ್ಮಲ್ಲೂ ಅದೆಲ್ಲ ಮಾಡುತ್ತಾರೆ. ಆದರೆ ಅದು ಅನ್ನ ಹಾಕಿದ ಹಾಗೆ. ಬರೀ ಅನ್ನ ಹಾಕಿದ್ದಕ್ಕೆ ಯಾವ ಮಗ ಎದ್ದು ಕೆಲಸಕ್ಕೆ ಹೋಗಿದ್ದಾನೆ, ಹೇಳಿ ನೋಡೋಣ.

ಒಂದೊಂದು ಕಾಲಕ್ಕೆ ಒಂದೊಂದು ಗಿಡದ ಸರದಿ, ಒಂದೊಂದು ಬೀದಿಗೆ ಒಂದೊಂದು ಮರ. ಮಾಗಿಯ ಚಳಿಯಲ್ಲಿ ಕುಂಬಾರಗೇರಿಯ ಹೆಂಗಸರು ಶಾಲು ಹೊದ್ದು ಬಂದು ಬೂರುಗದ ಮರಕ್ಕೆ ಬೈಯುತ್ತಾರೆ. ಮೈತುಂಬ ಮುಳ್ಳಿಟ್ಟುಕೊಂಡು ಯಾರನ್ನು ಹೆದರಿಸಲು ನಿಂತಿದ್ದೀಯ ಎಂದರೆ ಸಾಕು, ನಾಚಿಕೆಯಿಂದಲೋ ಸಿಟ್ಟಿನಿಂದಲೋ ಮರ ಕೆಂಪಗಾಗುತ್ತದೆ. ಸೇವಂತಿಗೆ ಪಾತಿಗೆ ದೊಡ್ಡ ಬೈಗುಳವೇ ಬೇಡ, ಪಕ್ಕದ ಪಾತಿಯನ್ನು ಹೊಗಳಿದರಾಯಿತು. ಶಿವರಾತ್ರಿ ಕಳೆದ ಮೇಲೆ ದಿಬ್ಬದ ಮುತ್ತುಗಕ್ಕೆ ದೂರದಲ್ಲಿ ನಿಂತು ಕೂಗಿ ಬೈಯಬೇಕು, ಅದಕ್ಕೆ ಕಿವಿ ಮಂದ. ಮಳೆ ಹಿಡಿದ ಮೇಲೆ ಗೌರಿಹೂವಿನ ಬಳ್ಳಿಗೆ ತವರುಮನೆಯ ಹೆಸರೆತ್ತಿ ಹೀಯಾಳಿಸಬೇಕು. ಪಾರಿಜಾತ ಬಹಳ ಸೂಕ್ಷ್ಮ. ಅದಕ್ಕೆ ಪಿಸುಮಾತಿನಲ್ಲೇ ಬೈಯಬೇಕು, ಸ್ವಲ್ಪ ದನಿ ಏರಿದರೂ ಇದ್ದಬದ್ದದ್ದನ್ನೆಲ್ಲ ಉದುರಿಸಿಕೊಂಡು ಕೂರುತ್ತದೆ. ಒಮ್ಮೆ ಕೋಡಿಬೀದಿಯ ಸೊಸೆಯೊಬ್ಬಳು ಕೇದಗೆಗೆ ಬೈದ ರಭಸಕ್ಕೆ ಪಕ್ಕದ ಲೈಟುಕಂಬ ಚಿಗುರಿತ್ತು. ನಂಬದವರು ಬಂದು ನೋಡಬಹುದು, ಕಂಬ ಈಗಲೂ ಅಲ್ಲೇ ಇದೆ, ಚಿಗುರನ್ನು ಮೇಕೆ ತಿಂದುಹೋಯಿತು.

ಮುಂಗಾರಿನಲ್ಲಿ ಸಸಿ ಹಂಚುವ ದಿನ ಒಂದಿದೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಸಸಿ ತೆಗೆದುಕೊಂಡರೆ, ಅದಕ್ಕೆ ತಕ್ಕ ಬೈಗುಳವನ್ನೂ ಬಾಯಿಪಾಠ ಮಾಡಿಸಿ ಕಳಿಸುತ್ತೇವೆ. ಬೇಸಿಗೆಯ ಕೊನೆಯಲ್ಲಿ ಹೂವಿನ ದಿನ. ಆ ದಿನ ಬೇಸಿಗೆಯಲ್ಲಿ ಹೂ ಬಿಡುವ ಪ್ರತಿ ಮರದ ಮೊದಲ ಗೊಂಚಲನ್ನು ಆ ಮರಕ್ಕೆ ಬೈದವಳ ತಲೆಗೆ ಮುಡಿಸುತ್ತಾರೆ. ಮೂರು ಬೇಸಿಗೆ ಹೂ ಬಿಡದ ಮರಕ್ಕೆ ಅದೇ ದಿನ ಗರಗಸ. ಇದು ತೋಟ ಹುಟ್ಟಿದಾಗಿನಿಂದ ಬಂದ ಕಟ್ಟಲೆ.

ನಮ್ಮ ಗಾಣಿಗರ ಬೀದಿಯ ಪಾಲಿಗೆ ಬಂದದ್ದು ತಾವರೆಕೊಳದ ದಂಡೆಯ ಕಕ್ಕೆಮರ. ಮದುವೆಯಾಗಿ ಬಂದ ವರ್ಷವೇ ನಮ್ಮತ್ತೆ ನನ್ನ ಕೈಗೆ ಮೋಟು ಪೊರಕೆ ಕೊಟ್ಟು, ಇನ್ನು ಮೇಲೆ ಇವನನ್ನು ನೀನೇ ನೋಡಿಕೋ ಎಂದರು. ಬೈಯುವವಳ ಕೈಯಲ್ಲಿ ಮೋಟು ಪೊರಕೆ ಇರಬೇಕು, ಹೊಡೆಯಲು ಅಲ್ಲ, ಮರ್ಯಾದೆಗೆ. ಅತ್ತೆ ‘ಇವನನ್ನು’ ಎಂದದ್ದು ಮರವನ್ನೋ ಅವರ ಮಗನನ್ನೋ ನಾನು ಕೇಳಲಿಲ್ಲ. ಇಬ್ಬರೂ ಒಂದೇ ಜಾತಿ. ಎಷ್ಟು ಬೈದರೂ ಮೈಗೆ ಹತ್ತುತ್ತಿರಲಿಲ್ಲ.

ನಮ್ಮ ಯಜಮಾನರು ಕೊಡೆ ರಿಪೇರಿ ಮಾಡುತ್ತಿದ್ದರು. ಮಳೆಗಾಲದಲ್ಲಿ ದುಡಿತ, ಉಳಿದಂತೆ ಕಡಲೆಕಾಯಿ. ಬೇಸಿಗೆ ಬಂತೆಂದರೆ ನನ್ನ ಹಿಂದೆಯೇ ತೋಟಕ್ಕೆ ಬಂದು ಕಕ್ಕೆಮರದ ಬುಡದ ಕಲ್ಲುಬೆಂಚಿನ ಮೇಲೆ ಕೂರುವರು. ಕೂತು, ತಲೆಯ ಮೇಲೆ ಕೊಡೆ ಬಿಚ್ಚಿ ಹಿಡಿದು, ಕಡಲೆಕಾಯಿ ಸುಲಿಯುವರು. ಮರದ ಕೆಳಗೆ ಕೂತು ಕೊಡೆ ಹಿಡಿಯುವ ಬುದ್ಧಿವಂತನನ್ನು ಇಡೀ ಭೂಮಂಡಲದಲ್ಲಿ ಇನ್ನೊಬ್ಬನನ್ನು ತೋರಿಸಿ. ನಾನು ಮರಕ್ಕೆ ಬೈಯಲು ಶುರು ಮಾಡುವೆ. ತಿನ್ನಕ್ಕೆ ಮುಂದು ದುಡಿಯಕ್ಕೆ ಹಿಂದು, ಕೂತಲ್ಲೇ ಬೇರು ಬಿಟ್ಟ ದಂಡಪಿಂಡ, ನಿನ್ನ ಮುಖಕ್ಕೆ ಮಂಗಳಾರತಿ ಎತ್ತ. ವರ್ಷವಿಡೀ ಮನೆಯಲ್ಲಿ ನುಂಗಿಕೊಂಡದ್ದೆಲ್ಲ ಅಲ್ಲಿ ಹೊರಗೆ ಬರುತ್ತಿತ್ತು. ಪೊರಕೆ ಮರದ ಕಡೆಗೆ, ಕಣ್ಣು ಬೆಂಚಿನ ಕಡೆಗೆ. ಅವರು ತಲೆಯಾಡಿಸುತ್ತ ಕೇಳುವರು. ಒಳ್ಳೆಯ ಬೈಗುಳ ಬಿದ್ದರೆ ಒಂದು ಕಾಳು ನನ್ನ ಕಡೆ ಎಸೆಯುವರು. ಮನೆಗೆ ಹೋಗುವಾಗ, “ಇವತ್ತು ಮರಕ್ಕೆ ಸರ್ಯಾಗ್ ಬಿತ್ತು ಕಣೆ” ಅನ್ನುವರು. “ನಾಟಬೇಕಾದೋರ್ಗೆ ನಾಟುದ್ರೆ ಸರಿ” ಎಂದು ನಾನು. ಮೂರೂರಿಗೆ ಕಾಣುವಷ್ಟು ಹೂ ಬಿಡುತ್ತಿತ್ತು ಆ ಮರ. ಅದರ ಹಳದಿಗೆ ಊರಿನ ಕೋಳಿಗಳು ಬೆಳಗಾಯಿತೆಂದು ಮಧ್ಯಾಹ್ನವೂ ಕೂಗುತ್ತಿದ್ದವು.

ಒಂದು ಮಳೆಗಾಲ, ಯಾರದೋ ಕೊಡೆಗೆ ಬಟ್ಟೆ ಹೊಲಿಯುತ್ತ ಕೂತವರು ಹಾಗೆಯೇ ಗೋಡೆಗೆ ಒರಗಿದರು. ನಾನು ನಿದ್ದೆ ಎಂದುಕೊಂಡು ಅದಕ್ಕೂ ಒಂದು ಮಾತು ಅಂದೆ. ನಿದ್ದೆಯಾಗಿರಲಿಲ್ಲ.

ತಿಥಿ ಮುಗಿದ ದಿನ ಮರಿಸಿದ್ದಮ್ಮ ಮನೆಗೆ ಬಂದಳು. ಮರಿಸಿದ್ದಮ್ಮ ಎಂದರೆ ತೋಟದ ಹಿರೇಮುತ್ತೈದೆ, ಯಾವ ಮರಕ್ಕೆ ಯಾರು ಬೈಯಬೇಕು ಎಂದು ಹೇಳುವವಳು. ನನಗಿಂತ ದೊಡ್ಡವಳು, ಅವಳ ಹಣೆಯ ಕುಂಕುಮ ಮಾತ್ರ ಅವಳಿಗಿಂತ ದೊಡ್ಡದು. ಬಂದವಳು ಮೂಲೆಯಲ್ಲಿದ್ದ ನನ್ನ ಮೋಟು ಪೊರಕೆ ಎತ್ತಿಕೊಂಡಳು. “ಗಂಡ ಇರೋಳು ಬೈದ್ರೆ ಬೈಗುಳ, ಇಲ್ದೋಳು ಬೈದ್ರೆ ಶಾಪ. ನಿಂಗೊತ್ತಿರೋದೆಯ ಕಣ್ ತಾಯಕ್ಕ” ಎಂದಳು. ಗೊತ್ತಿತ್ತು. ನಮ್ಮೂರ ಗಂಡಸತ್ತ ಹೆಂಗಸರು ತೋಟಕ್ಕೆ ಬರಬಹುದು, ತರಗೆಲೆ ಗುಡಿಸಬಹುದು, ಬೀಜ ಆರಿಸಬಹುದು. ಬಾಯಿ ಬಿಡುವಂತಿಲ್ಲ. ಕುಂಕುಮ ಹೋಯಿತು, ಬಳೆ ಹೋಯಿತು, ಹೋಗಲಿ, ಅವು ಅಂಗಡಿಯಿಂದ ಬಂದವು. ಬಾಯಿ ನನ್ನ ತಾಯಿ ಕೊಟ್ಟದ್ದು. ಅದೂ ಹೋದರೆ ನನ್ನಲ್ಲಿ ಉಳಿಯುವುದೇನು, ಮಂಡಿನೋವೊಂದೇ.

ಪೊರಕೆ ಪಕ್ಕದ ಮನೆಯ ಹೊಸ ಸೊಸೆ ಕುಮುದಳ ಕೈಗೆ ಹೋಯಿತು. ಬಂಗಾರದಂಥ ಹುಡುಗಿ, ಇರುವೆ ಅಡ್ಡ ಬಂದರೆ ದಾರಿ ಬಿಟ್ಟು ನಿಲ್ಲುವವಳು. ಮೊದಲ ದಿನ ಅವಳು ಮರದ ಮುಂದೆ ಕೈಕಟ್ಟಿ ನಿಂತು, “ಹೂ ಬಿಡಿ, ಇಲ್ದಿದ್ರೆ ನಮ್ಮತ್ತೆ ಬೇಜಾರ್ ಮಾಡ್ಕೋತಾರೆ” ಎಂದಳು. ಮರ ಅದನ್ನು ಕೇಳಿ ಇನ್ನೂ ಹಸಿರಾಯಿತು. ನಾನು ಹಿತ್ತಲ ಗೋಡೆಯ ಮೇಲಿಂದ ನನ್ನ ಬೈಗುಳಗಳನ್ನೆಲ್ಲ ಅವಳಿಗೆ ಹೇಳಿಕೊಟ್ಟೆ. ಅವಳು ಒಂದೂ ಬಿಡದೆ ಕಲಿತಳು. ಆದರೆ ನನ್ನ ಮಾತು ಅವಳ ಬಾಯಲ್ಲಿ ನಿನ್ನೆಯ ರೊಟ್ಟಿಯ ಹಾಗೆ ಬರುತ್ತಿತ್ತು, ಬಿಸಿಯಿಲ್ಲ, ಮುರಿದರೆ ಚೂರು. ಒಂದು ಬೇಸಿಗೆ ಹೋಯಿತು, ಎರಡು ಬೇಸಿಗೆ ಹೋಯಿತು. ಮರ ಒಂದೆಲೆಯನ್ನೂ ಉದುರಿಸದೆ, ಹೊಟ್ಟೆ ತುಂಬಿದ ಸಾಹುಕಾರನ ಹಾಗೆ ನೆರಳು ಚೆಲ್ಲಿಕೊಂಡು ನಿಂತಿತ್ತು. ಊರಿನ ಸೋಮಾರಿಗಳು ಆ ಬೆಂಚಿನ ಮೇಲೆ ತಣ್ಣಗೆ ನಿದ್ದೆ ಹೊಡೆದರು.

ಮೂರನೆಯ ಬೇಸಿಗೆ ಶುರುವಾದಾಗ ತೋಟದ ಮೇಸ್ತ್ರಿ ರಾಚಪ್ಪ ಬಂದು ಮರದ ಕಾಂಡಕ್ಕೆ ಸುಣ್ಣದ ಗೆರೆ ಎಳೆದ. ಅಲ್ಲಿ ಗರಗಸ ಬೀಳುತ್ತದೆ ಎಂದರ್ಥ. ಕುಮುದ ನನ್ನ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಅವಳತ್ತೆ ಅವಳನ್ನು ಬಾಯಿಸತ್ತವಳು ಎಂದಳಂತೆ. ನಾನು ಸಮಾಧಾನ ಹೇಳಬೇಕಿತ್ತು. ಹೇಳಲಿಲ್ಲ. ಆ ಗೆರೆಯನ್ನು ನನ್ನ ಸೊಂಟಕ್ಕೇ ಎಳೆದ ಹಾಗಿತ್ತು. ಅವರು ಹೋದದ್ದು ಹೋದರು. ಅವರಿಗೆ ಬೈದದ್ದನ್ನೆಲ್ಲ ಕೇಳಿಸಿಕೊಂಡಿದ್ದ ಇನ್ನೊಂದು ಜೀವ ಈ ಲೋಕದಲ್ಲಿ ಅದೊಂದೇ. ಅದನ್ನೂ ಸೌದೆ ಮಾಡಿ ಯಾರದೋ ಮನೆಯ ನೀರೊಲೆಗೆ ಹಾಕಿದರೆ ನಾನು ಬಾಳಿದ್ದಕ್ಕೆ ಸಾಕ್ಷಿ ಯಾರು?

ಮಾರನೆಯ ದಿನ ಬೆಳಗ್ಗೆ ಕುಮುದಳ ಜೊತೆ ನಾನೂ ತೋಟಕ್ಕೆ ಹೋದೆ. ಬಿಸಿಲು ಏರುತ್ತಿತ್ತು. ಶಾಲೆಯ ಮಕ್ಕಳು ಬೀಜ ಆರಿಸುತ್ತಿದ್ದರು, ಹೆಂಗಸರು ತಂತಮ್ಮ ಮರದ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಾನು ಕುಮುದಳ ಕೈಯಿಂದ ಪೊರಕೆ ತೆಗೆದುಕೊಂಡೆ. ಕಿತ್ತುಕೊಂಡೆ ಎಂದು ಊರವರು ಹೇಳುತ್ತಾರೆ, ಸುಳ್ಳು, ಅವಳೇ ಹೆಬ್ಬಾವು ಹಿಡಿದವಳ ಹಾಗೆ ಹಿಡಿದಿದ್ದಳು, ಬಿಟ್ಟರೆ ಸಾಕು ಎಂದು ಕೊಟ್ಟಳು.

ಮರಿಸಿದ್ದಮ್ಮ ಓಡಿ ಬಂದು ಅಡ್ಡ ನಿಂತಳು. “ತಾಯಕ್ಕ, ಬ್ಯಾಡ. ಮರ ಸತ್ತೋಯ್ತದೆ.”

“ಸುಮ್ಕಿದ್ರೂ ಸಾಯ್ತದೆ. ಸಾಯೋದಾದ್ರೆ ನನ್ ಕೈಲಿ ಬೈಸ್ಕಂಡೇ ಸಾಯ್ಲಿ” ಎಂದೆ.

“ನಿನ್ ಬಾಯಿಗೆ ಗಂಡನ ಬಲ ಇಲ್ಲ ಕಣ್ ಈಗ.”

“ಗಂಡ ಇದ್ದಾಗ್ಲೂ ಬಲ ನಂದೇಯ. ಅವ್ರು ಕಡ್ಲೆಕಾಯಿ ತಿಂತಿದ್ರು” ಎಂದು ಅವಳನ್ನು ಪಕ್ಕಕ್ಕೆ ಸರಿಸಿ ಮರದ ಮುಂದೆ ನಿಂತೆ.

ನಿಂತೆನೇನೋ ನಿಂತೆ, ಬಾಯಿ ಬರಲಿಲ್ಲ. ಅಭ್ಯಾಸಬಲದಿಂದ ಬೆಂಚಿನ ಕಡೆ ನೋಡಿದೆ. ಯಾರೋ ಗೊರಕೆ ಹೊಡೆಯುತ್ತಿದ್ದ. ದಂಡಪಿಂಡ ಎಂದೆ, ಸಪ್ಪೆಯಾಯಿತು. ಮುಖಕ್ಕೆ ಮಂಗಳಾರತಿ ಎಂದೆ, ಕುಮುದ ಹೇಳಿದ ಹಾಗೇ ಇತ್ತು. ಬೈಗುಳಕ್ಕೆ ಬಾಯಿ ಇದ್ದರೆ ಸಾಲದು, ಕೇಳುವ ಕಿವಿಯೂ ಬೇಕು ಎಂದು ಆಗ ತಿಳಿಯಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ನಗು ಕೇಳಿ ನನ್ನ ಮೈ ಉರಿಯಿತು. ಬೆಂಚನ್ನು ಬಿಟ್ಟು ಮರದ ಕಡೆಗೇ ತಿರುಗಿದೆ. ಅಷ್ಟು ವರ್ಷ ಬೈದಿದ್ದರೂ ನಾನು ಅದರ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ. ನೋಡಿದ ಕೂಡಲೇ, ಮದುವೆಯಾದಂದಿನಿಂದ ನಾಲಿಗೆಯ ಮೇಲೆ ಒಮ್ಮೆಯೂ ಬಾರದ ಹೆಸರು ಬಂತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಅವನು ಕಳೆದುಹೋದರೂ ಕೂಗಿ ಕರೆಯುವುದಿಲ್ಲ.

“ಲೋ ಬೋರಲಿಂಗ” ಎಂದೆ.

ತೋಟದಲ್ಲಿ ಬೈಯುತ್ತಿದ್ದ ಬಾಯಿಗಳೆಲ್ಲ ನಿಂತವು. ಬೆಂಚಿನವನ ಗೊರಕೆಯೂ ನಿಂತಿತು.

“ಲೋ ಬೋರಲಿಂಗ. ಮಳೆ ಮುಗಿಯೋಗಂಟ ತಡ್ಕಳಕ್ ಆಗ್ನಿಲ್ವಾ ನಿಂಗೆ? ಊರೋರ್ ಕೊಡೆಗೆಲ್ಲ ತೇಪೆ ಹಾಕ್ದೆ, ಮನೆ ಕೊಡೆ ಕಡ್ಡಿ ಮುರ್ಕಂಡು ಮೂಲೇಲ್ ಬಿದ್ದದೆ. ಯಾರ್ಗೆ ಕೊಡ್ಲಿ ಅದ್ನ? ಒಂದಿನ ಉಂಡ ತಟ್ಟೆ ಎತ್ತಿದ್ದೀಯಾ ನೀನು? ಹೇಳ್ದೆ ಕೇಳ್ದೆ ಎದ್ದೋದೆ. ಬೈಸ್ಕಳಕ್ಕೂ ಸೋಮಾರಿತನ ನಿಂಗೆ. ಅರ್ಧ ಬೈದಿವ್ನಿ, ಅರ್ಧ ಹಂಗೇ ಅದೆ, ಅದ್ನ ಯಾರ್ ಕೇಳೋರು? ಕೇಳಿಲ್ಲಿ. ನಿಂತ್ಕಂಡ್ ಕೇಳು.”

ಆಮೇಲೆ ಏನೇನು ಅಂದೆನೋ ನನಗೂ ನೆನಪಿಲ್ಲ. ಹೆಂಗಸರು ಮಕ್ಕಳ ಕಿವಿ ಮುಚ್ಚಿದರಂತೆ, ತಮ್ಮ ಕಿವಿ ಮುಚ್ಚಿಕೊಳ್ಳಲಿಲ್ಲ. ಬಿಸಿಲು ನೆತ್ತಿಗೆ ಬರುವವರೆಗೆ ಬೈದು, ಕೊಳದಲ್ಲಿ ಮುಖ ತೊಳೆದುಕೊಂಡು ಮನೆಗೆ ಬಂದು, ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ದಿನವೂ ಹೋದೆ. ಮರಿಸಿದ್ದಮ್ಮ ದಿನವೂ ಅಡ್ಡ ನಿಂತಳು, ನಾನು ದಿನವೂ ಸರಿಸಿದೆ. ಒಂದು ವಾರ ಕಳೆದಿತ್ತೋ ಇಲ್ಲವೋ, ಕಕ್ಕೆಮರದ ಎಲೆ ಹಳದಿಗಟ್ಟಿ ಉದುರತೊಡಗಿತು. ಒಂದೆರಡಲ್ಲ, ಗಾಳಿ ಬೀಸಿದರೆ ಗುಡ್ಡೆ. ನೋಡುನೋಡುತ್ತಿದ್ದಂತೆ ಮರ ಬೋಳಾಗಿ, ಕಪ್ಪು ಕೋಲಿನಂಥ ಒಣಕಾಯಿಗಳಷ್ಟೇ ನೇತಾಡುತ್ತಿದ್ದವು. ಊರಿಗೆ ಊರೇ ಶಾಪ ತಟ್ಟಿತು ಎಂದಿತು. ನಾನು ಬೀದಿಯಲ್ಲಿ ಬಂದರೆ ತುಳಸಿಗಿಡದ ಕುಂಡಗಳನ್ನು ಒಳಗೆ ಎತ್ತಿಟ್ಟುಕೊಂಡರು. ನಾನು ಆಕಳಿಸಿದರೂ ಬಾಗಿಲು ಹಾಕಿಕೊಂಡರು. ಸೊಪ್ಪಿನವಳು ತನ್ನ ಬುಟ್ಟಿಗೆ ಸೆರಗು ಮುಚ್ಚಿಕೊಂಡು ನನ್ನನ್ನು ದಾಟಿದಳು. ಇದನ್ನೆಲ್ಲ ನಗುತ್ತ ಹೇಳುತ್ತಿದ್ದೇನೆ, ಆಗ ನಗು ಬಂದಿರಲಿಲ್ಲ. ಹೊರಗೆ ಎಷ್ಟು ಜಂಬ ಮಾಡಿದರೂ ಒಳಗೆ ನನಗೂ ಹೆದರಿಕೆ ಹೊಕ್ಕಿತ್ತು. ನಿದ್ದೆ ಎಂದುಕೊಂಡು ಒಂದು ಮಾತು ಅಂದಿದ್ದೆನಲ್ಲ, ಅದನ್ನೇ ನೆನೆಸಿಕೊಂಡೆ. ಆವತ್ತೊಂದು ಜೀವ, ಈವತ್ತೊಂದು. ನನ್ನ ಬಾಯಿ ನಿಜವಾಗಿಯೂ ಅಂಥದೇ ಏನೋ.

ರಾಚಪ್ಪ ಮೇಸ್ತ್ರಿ ಹೂವಿನ ದಿನದವರೆಗೆ ಕಾಯುವುದು ಬೇಡವೆಂದು ಇಬ್ಬರು ಆಳುಗಳನ್ನು ಕರೆದುಕೊಂಡು ಗರಗಸ ಹೊತ್ತು ಬಂದ. ಸತ್ತ ಮರ ಮಕ್ಕಳ ತಲೆಯ ಮೇಲೆ ಬಿದ್ದರೆ ಯಾರು ಹೊಣೆ ಎಂದು ಅವನ ವಾದ. ನಾನು ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಕಾಂಡಕ್ಕೆ ಬೆನ್ನು ಕೊಟ್ಟೆ. ಸುಣ್ಣದ ಗೆರೆ ಸರಿಯಾಗಿ ನನ್ನ ತಲೆಯ ಮಟ್ಟಕ್ಕಿತ್ತು.

“ಏಳು ತಾಯಕ್ಕ” ಎಂದ ರಾಚಪ್ಪ. ಒಳ್ಳೆಯ ಮನುಷ್ಯ, ಕಟ್ಟಲೆ ಕಂಡರೆ ಮಾತ್ರ ಕುರಿ.

“ಕುಯ್ಯೋದಾದ್ರೆ ನನ್ನೂ ಸೇರ್ಸ್ಕಂಡ್ ಕುಯ್ಯಿ ಕಣಪ್ಪ. ನನ್ ಬೆನ್ಮೂಳೆ ಗಟ್ಟಿ ಅದೆ, ಗರಗಸದ್ ಹಲ್ಲು ಮುರುದ್ರೆ ನನ್ ಕೇಳ್ಬ್ಯಾಡ.”

“ಎಷ್ಟೊತ್ ಕೂತಿದ್ದೀಯೆ ನೀನು?”

“ನಿಂಗೆ ಸಾಕಾಗೋಗಂಟ.”

ರಾಚಪ್ಪನೂ ಆಳುಗಳೂ ದೂರದ ನೇರಳೆಮರದ ನೆರಳಿಗೆ ಹೋಗಿ ಕೂತರು. ನಾನು ಕೂತೇ ಇದ್ದೆ. ಆ ದಿನದ ಬಿಸಿಲಿನ ಬಗ್ಗೆ ಏನು ಹೇಳಲಿ, ಕೊಳದ ಮೀನುಗಳು ಸೆರಗು ಹೊದ್ದಿದ್ದವು. ಬೋಳುಮರದಿಂದ ಒಂದು ಕಾಸಿನಷ್ಟೂ ನೆರಳಿಲ್ಲ. ನೆತ್ತಿ ಚುರುಗುಟ್ಟಿತು. ಒಂದು ಕೊಡೆಯಾದರೂ ತರಬಾರದಿತ್ತೇ ಎಂದು ನನಗೆ ನಾನೇ ಬೈದುಕೊಂಡೆ.

ಬೈದುಕೊಂಡವಳು ಹಾಗೇ ಬಾಯಿ ತೆರೆದು ಕೂತುಬಿಟ್ಟೆ.

ಅವರು ಇದೇ ಬೆಂಚಿನ ಮೇಲೆ, ಇದೇ ಮರದ ಕೆಳಗೆ, ಪ್ರತಿ ಬೇಸಿಗೆಯೂ ಕೊಡೆ ಹಿಡಿದು ಕೂರುತ್ತಿದ್ದರಲ್ಲ. ಮರದ ಕೆಳಗೆ ಕೂತು ಕೊಡೆ ಹಿಡಿಯುವ ಬುದ್ಧಿವಂತ ಎಂದು ನಾನು ಮೂದಲಿಸುತ್ತಿದ್ದೆನಲ್ಲ. ನೆರಳಿದ್ದರೆ ಯಾವ ಹುಚ್ಚ ಕೊಡೆ ಹಿಡಿಯುತ್ತಾನೆ? ಪ್ರತಿ ವರ್ಷವೂ ಮರ ಬೋಳಾಗುತ್ತಿತ್ತು. ಬೈಸಿಕೊಂಡು, ಎಲೆ ಉದುರಿಸಿ, ಆಮೇಲೆ ಹೂವಾಗುತ್ತಿತ್ತು. ನಾನು ಬೆಂಚನ್ನು ನೋಡುತ್ತಿದ್ದವಳು, ಮರವನ್ನು ನೋಡಿದ್ದು ಯಾವಾಗ? ಅವರೋ, ಇಷ್ಟು ವರ್ಷ ಆ ಮೂದಲಿಕೆ ಕೇಳಿಸಿಕೊಂಡು, ಮೇಲೆ ನೋಡೇ ಎಂದು ಒಂದು ಮಾತು ಹೇಳದೆ ಕಡಲೆಕಾಯಿ ಸುಲಿಯುತ್ತಿದ್ದರು.

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಬೆಂಚಿನಿಂದ ಜಾರುವಷ್ಟು ನಕ್ಕೆ. ತಾಯಕ್ಕನಿಗೆ ಬಿಸಿಲು ಹತ್ತಿತು ಎಂದು ಜನ ಓಡಿ ಬಂದರು. ನಾನು ವಿಷಯ ಹೇಳಿದೆ. ಕೆಲವರು ತಲೆ ಕೆರೆದುಕೊಂಡರು, ಹೌದಲ್ಲ ಎಂದು ಒಂದಿಬ್ಬರು ಗೊಣಗಿದರು. ಕೊಡೆ ಹಿಡಿದು ಕೂರುತ್ತಿದ್ದದ್ದನ್ನು ಊರೆಲ್ಲ ಕಂಡಿತ್ತು, ಅದನ್ನು ಹೇಳಿಕೊಂಡು ನಕ್ಕಿತ್ತು. ಮರಿಸಿದ್ದಮ್ಮ ಮಾತ್ರ ಜಗ್ಗಲಿಲ್ಲ. ಆಗ ಉದುರಿದ್ದು ಬೇರೆ, ಈಗ ಉದುರಿದ್ದು ಬೇರೆ ಎಂದಳು.

“ಹೆಂಗ್ ಬೇರೆ, ಹೇಳವ್ವ. ಮುತ್ತೈದೆ ಬೈದಾಗ ಉದುರುದ್ರೆ ಬರೀ ಎಲೆ, ಮುಂಡೆ ಬೈದಾಗ ಉದುರುದ್ರೆ ಹೆಣವಾ?” ಎಂದೆ. ಅವಳಿಗೆ ಉತ್ತರ ಸಿಗಲಿಲ್ಲ. ಉತ್ತರ ಸಿಗದವರು ಸೋತಿದ್ದಾರೆ ಎಂದುಕೊಳ್ಳಬೇಡಿ, ಅವರು ಉತ್ತರವಿಲ್ಲದೆಯೇ ನೂರು ವರ್ಷ ನಿಲ್ಲಬಲ್ಲರು. ರಾಚಪ್ಪ ಮಾತ್ರ ಗರಗಸವನ್ನು ಗೋಣಿಚೀಲದಲ್ಲಿ ಸುತ್ತಿದ. ಹೂವಿನ ದಿನಕ್ಕೆ ನೋಡೋಣ, ಅಲ್ಲಿಯವರೆಗೆ ಕಟ್ಟಲೆಯೂ ಏನೂ ಅನ್ನುವುದಿಲ್ಲ ಎಂದ.

ಮಾರನೆಯ ದಿನದಿಂದ ಮನೆಯ ಮೂಲೆಯಲ್ಲಿದ್ದ ಮುರುಕು ಕೊಡೆಯನ್ನೇ ತೆಗೆದುಕೊಂಡು ಹೋದೆ. ಒಂದು ಕಡ್ಡಿ ಮುರಿದು ಒಂದು ಪಕ್ಕ ಕಿವಿ ಜೋತ ನಾಯಿಯ ಹಾಗೆ ಬಾಗಿತ್ತು. ಅದನ್ನು ಹಿಡಿದು, ಬೆಂಚಿನ ಮೇಲೆ ಕೂತು, ಕಡಲೆಕಾಯಿ ಸುಲಿಯುತ್ತ ಬೈದೆ. ಕೂತು ಬೈಯುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿರಲಿಲ್ಲ. ಕುಮುದ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಒಳ್ಳೆಯ ಬೈಗುಳ ಬಂದರೆ ಒಂದು ಕಾಳು ನನ್ನ ಕೈಗೆ ಇಡುತ್ತಿದ್ದಳು, ಅದನ್ನು ಅವಳಿಗೆ ಯಾರು ಹೇಳಿಕೊಟ್ಟರೋ ಕಾಣೆ.

ಮೊದಲು ಕೊಂಬೆಗಳಿಂದ ಹಸಿರು ದಾರಗಳು ಇಳಿದವು, ದಾರದ ತುಂಬ ಹೆಸರುಕಾಳಿನಂಥ ಮೊಗ್ಗು. ಆಮೇಲೆ ಒಂದು ಬೆಳಗ್ಗೆ ತೋಟದ ಗೇಟು ತೆಗೆದ ರಾಚಪ್ಪ, ಬೆಂಕಿ ಬಿದ್ದಿದೆ ಎಂದುಕೊಂಡು ನೀರಿನ ಕೊಡ ಹಿಡಿದು ಓಡಿದನಂತೆ. ಅಂಥ ಹಳದಿ. ನಾಲ್ಕು ಜನಕ್ಕೆ ಕಾಮಾಲೆ ಎಂದು ವೈದ್ಯರು ಮದ್ದು ಅರೆದುಬಿಟ್ಟರು, ಮರದ ಕೆಳಗಿಂದ ಈಚೆಗೆ ಬಂದ ಮೇಲೆ ಸರಿಹೋದರು. ಬಿಳಿ ಹಸುವೊಂದು ಹಳದಿಯಾಗಿ ಮನೆಗೆ ಹೋಗಿ, ಇದು ನಮ್ಮದಲ್ಲ ಎಂದು ಅಟ್ಟಿಸಿಕೊಂಡಿತು.

ಹೂವಿನ ದಿನ ಬಂತು. ಊರೆಲ್ಲ ಸೇರಿತ್ತು. ಮರಿಸಿದ್ದಮ್ಮ ತಟ್ಟೆ ಹಿಡಿದು ಮರದಿಂದ ಮರಕ್ಕೆ ಬಂದು, ಬೈದವರ ತಲೆಗೆ ಮೊದಲ ಗೊಂಚಲು ಮುಡಿಸುತ್ತಿದ್ದಳು. ಕಕ್ಕೆಮರದ ಹತ್ತಿರ ಬಂದವಳು ಗೊಂಚಲು ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ನನ್ನ ಬೋಳು ಹಣೆ ನೋಡಿದಳು, ಹೂ ನೋಡಿದಳು. ಕೊನೆಗೆ ಯಾರ ಮುಖವನ್ನೂ ನೋಡದೆ, “ಇದ್ನ ದೇವ್ರಿಗೆ ಏರ್ಸ್ಬುಡಾನ” ಎಂದಳು.

“ಯಾಕೆ, ದೇವ್ರು ಬೈದ್ನಾ?” ಎಂದೆ.

ಹಾಗಾದರೆ ಸರದಿಯ ಪ್ರಕಾರ ಕುಮುದಳದು ಎಂದು, ಅವಳು ಗೊಂಚಲನ್ನು ಕುಮುದಳ ಜಡೆಯ ಕಡೆಗೆ ಒಯ್ದಳು. ಇರುವೆಗೆ ದಾರಿ ಬಿಡುವ ಆ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಊರಿನ ಮುಂದೆ, ಅವಳತ್ತೆಯ ಮುಂದೆ ಬಾಯಿ ತೆರೆದಳು. “ನಾಚ್ಕೆ ಆಗಲ್ವಾ ನಿಮ್ಗೆ, ಹಣೆ ಮೇಲೆ ಅಷ್ಟಗಲ ಇಟ್ಕೊಂಡು? ಬೈದೋರು ತಾಯಜ್ಜಿ. ಕೊಡ್ರಿ ಇಲ್ಲಿ ಅದನ್ನ.”

ಅದು ಅವಳ ಜೀವಮಾನದ ಮೊದಲ ಬೈಗುಳ. ಕೊಳದಲ್ಲಿ ನಾಲ್ಕು ತಾವರೆ ಅಲ್ಲೇ ಅರಳಿದವು, ನಾನು ಕಣ್ಣಾರೆ ಕಂಡೆ.

ಕುಮುದ ಗೊಂಚಲನ್ನು ತಂದು ನನ್ನ ಕೈಗಿಟ್ಟಳು. ಮುಡಿಸಲು ಹೋದರೆ ನಿಲ್ಲುವುದಾದರೂ ಎಲ್ಲಿ? ನನ್ನ ತಲೆಯಲ್ಲಿರುವ ಕೂದಲು ಒಂದು ಬತ್ತಿ ಹೊಸೆಯಲೂ ಸಾಲದು. ಕೊಡೆ ತೆಗೆದುಕೊಂಡು, ಮುರಿದು ಜೋತಾಡುತ್ತಿದ್ದ ಆ ಕಡ್ಡಿಯನ್ನು ಕಿತ್ತೆ. ಅದನ್ನೇ ಪಿನ್ನು ಮಾಡಿ, ಊರೆಲ್ಲ ನೋಡುತ್ತಿರಲು, ಗೊಂಚಲನ್ನು ನನ್ನ ತುರುಬಿಗೆ ನಾನೇ ಸಿಕ್ಕಿಸಿಕೊಂಡೆ. ಅದು ಭುಜದವರೆಗೆ ಇಳಿಬಿದ್ದು ತೂಗಿತು. ಆಗ ತರಗೆಲೆ ಗುಡಿಸುವವರ ಸಾಲಿನಿಂದ ಚೆಲುವಾಜಮ್ಮ ಎದ್ದಳು. ನನಗಿಂತ ಮೊದಲೇ ಗಂಡನನ್ನು ಕಳೆದುಕೊಂಡು ಬಾಯಿ ಮುಚ್ಚಿದವಳು. ಬುಟ್ಟಿ ಅಲ್ಲೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ತನ್ನ ಹಳೆಯ ಪಾರಿಜಾತದ ಗಿಡದ ಕಡೆ ನಡೆದಳು. ಅದರ ಕಾಲ ಇನ್ನೂ ಬಂದಿರಲಿಲ್ಲ. ಆದರೂ ಅವಳು ಅದರ ಮುಂದೆ ಬಗ್ಗಿ ಪಿಸುಪಿಸು ಏನೋ ಶುರುಮಾಡಿದಳು. ಅವಳಿಗೆ ಹಿಂದಿನ ಬಾಕಿ ಬಹಳ ಇತ್ತು.

ನಾನು ಹೋಗಿ ಬೆಂಚಿನ ಮೇಲೆ ಕೂತು ಕೊಡೆ ಬಿಚ್ಚಿದೆ. ಆ ಮುರುಕು ಕಡ್ಡಿಯೂ ಹೋಗಿದ್ದರಿಂದ ಅದು ಇನ್ನಷ್ಟು ಬಾಗಿತ್ತು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟೆ, ನೆರಳೂ ಅತ್ತ ಕಡೆಗೇ ಬೀಳುವ ಹಾಗೆ ಹಿಡಿದೆ.

“ಏನ್ ನೋಡ್ತೀಯ ಬೋರಲಿಂಗ” ಎಂದೆ. “ಕಡ್ಲೆಕಾಯಿ ಸುಲಿ.”